ಕೂರಲಾರದವನ ಪಕ್ಷ

ದೊಡ್ಡ ಪಕ್ಷಗಳೆಲ್ಲ ದೊಡ್ಡ ತತ್ತ್ವಗಳಿಂದ ಹುಟ್ಟುತ್ತವೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನಮ್ಮ ಗುಮಾಸ್ತರು ಒಂದು ಪಕ್ಷದ ಮುಖಂಡರಾದದ್ದು ಮಾತ್ರ ಒಂದು ಕುರುವಿನಿಂದ. ಆ ಕುರು ಎದ್ದ ಜಾಗವನ್ನು ಬಾಯಿಬಿಟ್ಟು ಹೇಳುವುದು ಮರ್ಯಾದೆಯಲ್ಲ. ಮನುಷ್ಯನಿಗೆ ಕೂರಲೆಂದು ದೇವರು ಯಾವ ಅಂಗವನ್ನು ಕೊಟ್ಟಿದ್ದಾನೋ ಅದರ ಎಡಮಗ್ಗುಲು ಎಂದರೆ ಸಾಕು. ನೋವು ಕೊಡುವುದು ಅವನ ಇಚ್ಛೆ. ಸ್ವಲ್ಪ ಜಾಗ ನೋಡಿ ಕೊಡಬಾರದಿತ್ತೇ ಎಂದು ಕೇಳುವ ಅಧಿಕಾರ ನಮಗಿಲ್ಲ.

ಗುಮಾಸ್ತರು ನೀರು ಸರಬರಾಜು ಕಚೇರಿಯಲ್ಲಿ ಕೂತು ಕೂತೇ ಕೂದಲು ನರೆಸಿಕೊಂಡವರು. ಪದವಿ ಇಲ್ಲದವರಿಗೆ ಬಡ್ತಿ ಇಲ್ಲ ಎಂಬ ಹೊಸ ನಿಯಮ ಬಂದಾಗ, ಸಾಹೇಬರನ್ನು ಕಾಡಿ ಬೇಡಿ ಓದಿಗೆ ರಜೆ ಪಡೆದು, ಮಗಳ ವಯಸ್ಸಿನ ಮಕ್ಕಳ ನಡುವೆ ವಿಶ್ವವಿದ್ಯಾಲಯದ ಇತಿಹಾಸ ತರಗತಿಗೆ ಸೇರಿದ್ದರು. ರಜೆ ಕೊಡುವಾಗ ಸಾಹೇಬರು ಎರಡು ಮಾತು ಹೇಳಿದ್ದರು. ತರಗತಿ ತಪ್ಪಿಸಬಾರದು, ಮತ್ತು ಅಲ್ಲಿನ ರಾಜಕೀಯದ ನೆರಳೂ ಸೋಕಬಾರದು. ಯಾವುದು ತಪ್ಪಿದರೂ ರಜೆ ರದ್ದು. ಆಮೇಲೆ ಗುಡ್ಡದ ಮೇಲಿನ ಪಂಪ್‌ಹೌಸಿಗೆ ವರ್ಗ. ಅಲ್ಲಿಗೆ ಹೋದವರು ಯಂತ್ರದ ಸದ್ದಿಗೆ ಕಿವಿ ಕಳೆದುಕೊಂಡೇ ನಿವೃತ್ತರಾಗುತ್ತಾರೆಂದು ಕಚೇರಿಯಲ್ಲಿ ಪ್ರತೀತಿ. ಗುಮಾಸ್ತರು ಮೊದಲೇ ನಿಂತ ಸೈಕಲ್ಲಿಗೂ ದಾರಿ ಬಿಟ್ಟು ನಡೆಯುವ ಪ್ರಾಣಿ. ಅಂದಿನಿಂದ ಗೋಡೆಗೆ ಅಂಟಿಸಿದ ಕರಪತ್ರ ಕಂಡರೆ ಎದುರು ಬದಿಯ ರಸ್ತೆಗೆ ದಾಟುತ್ತಿದ್ದರು.

ಅದೇ ಹೊತ್ತಿಗೆ ಆ ವಿಶ್ವವಿದ್ಯಾಲಯದಲ್ಲಿ ಒಂದು ದೊಡ್ಡ ವಾದ ಎದ್ದಿತ್ತು. ಅಲ್ಲಿ ಹಳೆಯ ಪದ್ಧತಿಯೊಂದಿದೆ. ಮೇಷ್ಟ್ರು ತರಗತಿಗೆ ಬಂದ ಕೂಡಲೇ ಎಲ್ಲರೂ ಎದ್ದು ನಿಲ್ಲಬೇಕು. ಅವರು ಕೈಯಲ್ಲಿರುವ ಪುಸ್ತಕವನ್ನು ಮೇಜಿನ ಮೇಲೆ ಇಟ್ಟ ಮೇಲೆ ಕೂರಬೇಕು. ಇದು ಹಳೆಯ ಕಾಲದ ಗುಲಾಮಗಿರಿ, ಹೋಗಬೇಕು ಎಂದಿತು ಪ್ರಗತಿ ಕೂಟ. ಇದು ಹಿರಿಯರು ಬಿಟ್ಟುಹೋದ ಸಂಸ್ಕಾರ, ಉಳಿಯಬೇಕು ಎಂದಿತು ಪರಂಪರೆ ಸಂಘ. ಪ್ರಗತಿ ಕೂಟದಲ್ಲಿ ಜನ ಬಹಳ. ಅದರ ಮುಂದಾಳು ಒಬ್ಬ ಹುಡುಗಿ. ಧ್ವನಿವರ್ಧಕದ ಹಂಗಿಲ್ಲದೆ ಮೈದಾನದ ಆಚೆ ತುದಿಗೆ ಮಾತು ಮುಟ್ಟಿಸುತ್ತಿದ್ದುದರಿಂದ ಅವಳಿಗೆ ಎಲ್ಲರೂ ಮೈಕು ಎನ್ನುತ್ತಿದ್ದರು. ಪರಂಪರೆ ಸಂಘದಲ್ಲಿ ಇದ್ದವರು ಒಂದು ಬೆಂಚಿಗೆ ಸಾಲುವಷ್ಟು ಮಂದಿ. ಗ್ರಂಥಾಲಯದ ಹಿಂದೆ ಮುರಿದ ಕುರ್ಚಿಗಳನ್ನು ತುಂಬಿಟ್ಟ ಕೋಣೆಯಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಗಿಲು ಮುಂದೆ ಮಾಡಿ, ಕಾಲ ಕೆಟ್ಟಿತಲ್ಲ ಎಂದು ಪಿಸುಗುಟ್ಟಿಕೊಳ್ಳುತ್ತಿದ್ದರು. ಅವರ ಕಾರ್ಯದರ್ಶಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಆದರೆ ಅವನ ಕೆಮ್ಮು, ನಡಿಗೆ, ನಿಟ್ಟುಸಿರು ಎಲ್ಲ ಮುದುಕರದು. ಅವನ ಹೆಸರು ತಾತ.

ಸೋಮವಾರ ಮೊದಲ ತರಗತಿಯಲ್ಲಿ ಯಾರೂ ಏಳಕೂಡದು ಎಂದು ಪ್ರಗತಿ ಕೂಟ ತೀರ್ಮಾನಿಸಿತು. ಈ ಸುದ್ದಿ ಗುಮಾಸ್ತರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಆ ತೀರ್ಮಾನವಾದ ಹೊತ್ತಿಗೆ ಅವರು ಡಾಕ್ಟರ ಮುಂದೆ ಬೋರಲು ಮಲಗಿದ್ದರು.

“ಇನ್ನೂ ಹಣ್ಣಾಗಿಲ್ಲ,” ಎಂದರು ಡಾಕ್ಟರು. “ಹಣ್ಣಾಗಲಿ, ಕೊಯ್ಯೋಣ. ಅಲ್ಲೀವರೆಗೂ ಬಿಸಿ ಶಾಖ ಕೊಡಿ. ಕೂತ್ಕೊಂಡೀರಿ, ಜೋಕೆ!”

ಹೀಗೆ ಸೋಮವಾರ ಗುಮಾಸ್ತರು ಕೊನೆಯ ಬೆಂಚಿನ ಹಿಂದೆ, ಕಿಟಕಿಗೆ ಒರಗಿ ನಿಂತಿದ್ದರು. ಗಂಟೆ ಹೊಡೆಯಿತು. ಎಲ್ಲರೂ ದಡಬಡ ಕೂತರು. ಇತಿಹಾಸದ ಮೇಷ್ಟ್ರು ಒಳಗೆ ಬಂದರು.

ಅವರು ಬಹಳ ದಿನದ ಮೇಲೆ ಬಂದಿದ್ದರು. ಅವರ ಹೆಂಡತಿ ತೀರಿಕೊಂಡಿದ್ದರು. ಇಂಥ ದಿನವೇ ಅವರು ಮರಳಿ ಬರುತ್ತಾರೆಂದು ಪ್ರಗತಿ ಕೂಟಕ್ಕೆ ತಿಳಿದಿರಲಿಲ್ಲ. ತಿಳಿದಿದ್ದರೆ ಬೇರೆ ದಿನ ಇಟ್ಟುಕೊಳ್ಳುತ್ತಿದ್ದರೋ ಏನೋ. ಬಾಗಿಲಲ್ಲಿ ಮೇಷ್ಟ್ರು ನಿಂತರು. ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿ ಸೇರಿದ್ದವು. ಸರಿಮಾಡಿ ಕಳುಹಿಸುವವರು ಇರಲಿಲ್ಲ. ತರಗತಿ ಕೂತೇ ಇತ್ತು. ಮೈಕು ನೆಲ ನೋಡುತ್ತಿದ್ದಳು. ತಾತನ ಎದೆಯಲ್ಲಿ ಪರಂಪರೆ ಕುದಿಯಿತು. ಅವನು ಬೆಂಚು ಬಿಟ್ಟು ಅರ್ಧ ಎದ್ದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ತನ್ನ ಸಂಘದವರೆಲ್ಲ ಕೂತಿದ್ದನ್ನು ಕಂಡು ಅಲ್ಲೇ ಗಾಳಿಯಲ್ಲಿ ತೂಗಾಡಿ, ಮೆಲ್ಲಗೆ ಕೂತುಬಿಟ್ಟ.

ಇಡೀ ಕೋಣೆಯಲ್ಲಿ ನಿಂತವರು ಇಬ್ಬರೇ. ಈ ಕಡೆ ಮೇಷ್ಟ್ರು, ಆ ಕಡೆ ಗುಮಾಸ್ತರು.

ಮೇಷ್ಟ್ರು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಗುಮಾಸ್ತರು ಕೂರಲಿಲ್ಲ.

“ಕೂತ್ಕೊಳ್ಳಿ,” ಎಂದರು ಮೇಷ್ಟ್ರು, ಮೆತ್ತಗೆ.

“ಇರಲಿ ಸರ್,” ಎಂದರು ಗುಮಾಸ್ತರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಪಾಠ ಮುಗಿಯುವವರೆಗೂ ಗುಮಾಸ್ತರು ನಿಂತೇ ಇದ್ದರು.

ಹೊರಗೆ ಬಂದದ್ದೇ ತಾತ ಓಡಿಬಂದು ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು.

“ಅಣ್ಣಾ! ನಾವೆಲ್ಲ ಹೇಡಿಗಳು. ನೀವೊಬ್ಬರೇ ಗಂಡು. ಯಾಕಣ್ಣಾ ನಿಂತ್ರಿ? ನಿಮ್ಮ ಬಾಯಲ್ಲೇ ಕೇಳಬೇಕು.”

ಸುತ್ತ ಹುಡುಗ ಹುಡುಗಿಯರು ಕೋಟೆ ಕಟ್ಟಿದ್ದರು. ಮೈಕು ಕೈಕಟ್ಟಿ ನಿಂತು, “ಹೇಳಿ ಅಂಕಲ್, ನಮಗೂ ಕೇಳಬೇಕು,” ಎಂದಳು. ನಿಜವನ್ನು ಹೇಳಲು ಅದು ತಕ್ಕ ಸಭೆಯಲ್ಲ. ಗುಮಾಸ್ತರು ಗಂಟಲು ಸರಿಮಾಡಿಕೊಂಡರು. ತಮ್ಮ ಮಾವನವರು ಊಟದ ಹೊತ್ತಿನಲ್ಲಿ ಉದುರಿಸುವ ಮಾತೊಂದು ನಾಲಿಗೆಗೆ ಸಿಕ್ಕಿತು.

“ಹಿರಿಯರು ಬಂದಾಗ ಕೂತಿರೋದು ಹೇಗಮ್ಮಾ?” ಎಂದುಬಿಟ್ಟರು.

ಆಮೇಲೆ ಆದದ್ದೆಲ್ಲ ಆ ಒಂದು ಮಾತಿಗೆ ಬಡ್ಡಿ.

ಮಧ್ಯಾಹ್ನಕ್ಕೆಲ್ಲ ಆ ಮಾತು ಕ್ಯಾಂಟೀನಿನ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿತ್ತು. ಅದರ ಕೆಳಗೆ ಗುಮಾಸ್ತರು ನಿಂತುಕೊಂಡೇ ಟೀ ಕುಡಿಯುತ್ತಿದ್ದುದನ್ನು ಊರಿನ ಸಂಜೆ ಪತ್ರಿಕೆಯವನು ಫೋಟೋ ತೆಗೆದ. ಕ್ಯಾಂಟೀನಿನವನು ಕುರ್ಚಿ ಎಳೆದು ಹಾಕಿದ, ಬೇಡವೆಂದರು. ಒಂದು ಹುಡುಗಿ ತನ್ನ ಜಾಗ ಬಿಟ್ಟುಕೊಟ್ಟಳು, ಬೇಡವೆಂದರು. ಅಲ್ಲಿಗೆ ಸುದ್ದಿ ಇನ್ನೊಂದು ಸುತ್ತು ಬೆಳೆಯಿತು. ನಿಲ್ಲುವ ಪದ್ಧತಿ ಉಳಿಯಿತೆಂದು ತೀರ್ಮಾನವಾಗುವವರೆಗೆ ಈ ಮನುಷ್ಯ ಕೂರುವುದಿಲ್ಲವಂತೆ, ಆಣೆ ಮಾಡಿದ್ದಾನಂತೆ! ಸಂಜೆ ಮನೆಗೆ ಬರುವಷ್ಟರಲ್ಲಿ ಪರಂಪರೆ ಸಂಘದ ಸದಸ್ಯರು ಒಂದು ಬೆಂಚು ತುಂಬಿ ಎರಡನೆಯ ಬೆಂಚಿಗೆ ಹರಿದಿದ್ದರು.

ಮನೆಯಲ್ಲಿ ಮಾವನವರು ಕಾದಿದ್ದರು. ಅವರು ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಲೋಕವೆಲ್ಲ ಹಸಿರು ಬಾವುಟ ತೋರಿಸುವ ಮುನ್ನವೇ ಹೊರಟುಬಿಟ್ಟಿದೆ ಎಂಬುದು ಅವರ ದೂರು. ಮಗಳ ಮದುವೆಯಾದಂದಿನಿಂದ ಅಳಿಯನ ಕಡೆ ಅವರು ನೋಡುತ್ತಿದ್ದ ನೋಟ, ಹೊತ್ತು ಮೀರಿ ಬಂದ ಗಾಡಿಯ ಕಡೆ ನೋಡುವ ನೋಟ. ಇಂದು ಮಾತ್ರ ಕೈಯಲ್ಲಿ ಸಂಜೆ ಪತ್ರಿಕೆ ಹಿಡಿದು ಬಾಗಿಲಿಗೆ ಎದ್ದು ಬಂದರು.

“ಅಳಿಯಂದಿರೇ, ನಿಮಗೆ ಬೆನ್ನುಮೂಳೆ ಇಲ್ಲ ಅಂತ ನಾನು ಮೊದಲಿನಿಂದ ಹೇಳ್ತಾ ಬಂದೆ. ಮಗಳ ಮುಂದೂ ಹೇಳಿದೆ, ಬೀಗರ ಮುಂದೂ ಹೇಳಿದೆ. ಇವತ್ತು ಮಾತು ವಾಪಸ್ಸು ತಗೊಂಡಿದೀನಿ. ಬನ್ನಿ, ನನ್ನ ಕುರ್ಚಿ ಮೇಲೆ ಕೂತ್ಕೊಳ್ಳಿ.”

ಆ ಕುರ್ಚಿಯಲ್ಲಿ ಇದುವರೆಗೆ ಅವರನ್ನು ಬಿಟ್ಟು ಬೆಕ್ಕು ಕೂಡ ಕೂತಿರಲಿಲ್ಲ.

“ನಿಮ್ಮ ಮುಂದೆ ನಾನು ಕೂರೋದೇ ಮಾವ?” ಎಂದರು ಗುಮಾಸ್ತರು, ಬೆವರುತ್ತ.

ಮಾವನವರು ಮಗಳ ಕಡೆ ತಿರುಗಿದರು. “ಕೇಳಿದೆಯಾ? ಇದು ಸಂಸ್ಕಾರ!”

ಅಡುಗೆಮನೆಯಲ್ಲಿ ಹೆಂಡತಿ ಶಾಖಕ್ಕೆ ನೀರು ಕಾಯಿಸುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಗಂಡ ಒಳಗೆ ಬಂದ ಮೇಲೆ ನಗು ನಿಲ್ಲಿಸಿ, “ರೀ, ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ದೊಡ್ಡದಾಗ್ತಾ ಇದೆ,” ಎಂದಳು.

“ಕುರುವಾ?”

“ಸುದ್ದಿ ರೀ!”

“ಏನಂತ ಹೇಳ್ಲೇ?”

“ಕುರು ಆಗಿದೆ ಅಂತ ಹೇಳಿ.”

“ಎಲ್ಲಿ ಅಂತ ಕೇಳ್ತಾರೆ.”

ಹೆಂಡತಿ ಸ್ವಲ್ಪ ಯೋಚಿಸಿದಳು. “ತೊಡೆ ಅನ್ನಿ.”

“ತೊಡೆ ಅಂದ್ರೆ ತೋರ್ಸಿ ಅಂತಾರೆ. ಅದೂ ಅಲ್ದೆ, ಹಿರಿಯರು ಗಿರಿಯರು ಅಂತ ನಾನೇ ಬಾಯಿಬಿಟ್ಟು ಹೇಳಿದೀನಲ್ಲೇ. ಈಗ ಕುರು ಅಂದ್ರೆ ಸುಳ್ಳುಗಾರ ಅಂತಾರೆ. ನಿಮ್ಮಪ್ಪ ಮತ್ತೆ ಆ ನೋಟ ಶುರು ಮಾಡ್ತಾರೆ.”

ಕೊನೆಯ ಮಾತನ್ನು ಮೆಲ್ಲಗೆ ಹೇಳಿದರು. ಹೊರಗಿನ ಕೋಣೆಯಲ್ಲಿ ಮಾವನವರು ಪಕ್ಕದ ಮನೆಯ ದರ್ಜಿಯನ್ನು ಕರೆದು ಪತ್ರಿಕೆ ಓದಿ ಹೇಳುತ್ತಿದ್ದರು. ದರ್ಜಿ ತಲೆಯಾಡಿಸುತ್ತ, “ಅದಕ್ಕೇ ಸ್ವಾಮಿ, ಮೊನ್ನೆ ಪ್ಯಾಂಟನ್ನ ಹಿಂದೆ ಸಡಿಲ ಮಾಡಿಕೊಡು ಅಂದ್ರು. ಈಗ್ಯಾಕಪ್ಪಾ ಸಡಿಲ ಅಂದುಕೊಂಡೆ. ದೊಡ್ಡವರ ಲೆಕ್ಕಾಚಾರ ನಮಗೆಲ್ಲಿ ತಿಳಿಯುತ್ತೆ!” ಎಂದ.

ಮರುದಿನ ಸಾಹೇಬರಿಂದ ಕರೆ ಬಂತು. ಸಾಹೇಬರ ಮೇಜಿನ ಮೇಲೆ ಅದೇ ಪತ್ರಿಕೆ ಹರಡಿತ್ತು. ಮೂಲೆಯಲ್ಲಿ ಟೈಪಿಸ್ಟ್ ಹೆಂಗಸು ಬೆರಳು ಆಡಿಸುವುದನ್ನು ನಿಲ್ಲಿಸಿ ಕಿವಿ ಈ ಕಡೆ ಕೊಟ್ಟಳು.

“ಕೂತ್ಕೊಳ್ಳಿ,” ಎಂದರು ಸಾಹೇಬರು.

“ಪರವಾಗಿಲ್ಲ ಸರ್.”

ಸಾಹೇಬರ ಮುಖ ಕೆಂಪಾಯಿತು. “ಓಹೋ! ಊರಿಗೆಲ್ಲ ತೋರ್ಸಿದ್ದು ಸಾಲದು ಅಂತ ಇಲ್ಲೂ ಶುರುವಾ?”

“ಅಯ್ಯೋ, ಇಲ್ಲ ಸರ್. ಮೈಗೆ ಹುಷಾರಿಲ್ಲ ಸರ್.”

“ಹುಷಾರಿಲ್ಲದವರು ಕೂತ್ಕೋಬೇಕು. ಕೂತ್ಕೊಳ್ಳಿ!”

ಗುಮಾಸ್ತರು ಕುರ್ಚಿಯನ್ನು ನೋಡಿದರು. ಮರದ ಕುರ್ಚಿ, ನಡುವೆ ಒಂದು ಮೊಳೆ ತಲೆಯೆತ್ತಿತ್ತು. ಅವರು ಕಣ್ಣು ಮುಚ್ಚಿ ದೇವರನ್ನು ನೆನೆದು ಅಲ್ಲೇ ನಿಂತರು.

ಸಾಹೇಬರು ಮೇಜು ಗುದ್ದಿದರು. “ನೋಡಿ, ಶುಕ್ರವಾರ ಆ ವಿಶ್ವವಿದ್ಯಾಲಯದಲ್ಲಿ ಚರ್ಚಾಸಭೆ ಇದೆ. ಎದ್ದು ನಿಲ್ಲೋ ಪದ್ಧತಿ ಬೇಕೋ ಬೇಡವೋ ಅಂತ. ಹಳೇ ವಿದ್ಯಾರ್ಥಿ ಅಂತ ನನ್ನನ್ನೂ ಕರೆದಿದಾರೆ. ನಿಮ್ಮ ಸಂಘದವರು ನಿಮ್ಮನ್ನ ವೇದಿಕೆ ಮೇಲೆ ನಿಲ್ಲಿಸ್ತಾರಂತೆ. ನಿಂತ್ರೋ, ಶನಿವಾರ ಪಂಪ್‌ಹೌಸು.”

“ನನಗೆ ಸಂಘ ಇಲ್ಲ ಸರ್! ದೇವರಾಣೆಗೂ ಇಲ್ಲ!”

“ಇಲ್ದಿದ್ರೆ ಎಲ್ಲರ ಹಾಗೆ ಸಭೆಯಲ್ಲಿ ಕೂತಿರಿ. ನೀವು ಕೂತಿರೋದು ನನ್ನ ಕಣ್ಣಿಗೆ ಬೀಳಬೇಕು. ಕೊನೇವರೆಗೂ. ಅಷ್ಟು ಮಾಡಿದ್ರೆ ರಜೆ ಉಳಿಯುತ್ತೆ. ಏನು ಕಷ್ಟದ ಕೆಲಸವಾ?”

“ಇಲ್ಲ ಸರ್,” ಎಂದರು ಗುಮಾಸ್ತರು. ಟೈಪಿಸ್ಟ್ ಹೆಂಗಸು ಅವರ ಕಡೆ ನೋಡಿದ ರೀತಿಯಿಂದ, ಅವರ ಮುಖದಲ್ಲಿ ಏನೋ ಕಂಡಿರಬೇಕು.

ಅಲ್ಲಿಂದ ಗುಮಾಸ್ತರು ನೇರವಾಗಿ ಡಾಕ್ಟರ ಬಳಿಗೆ ಓಡಿ, ಇವತ್ತೇ ಕೊಯ್ದುಬಿಡಿ ಎಂದು ಬೇಡಿದರು. ಡಾಕ್ಟರು ಮುಟ್ಟಿ ನೋಡಿದರು. “ಶನಿವಾರ ಬನ್ನಿ, ಹದವಾಗಿರುತ್ತೆ.” ಗುಮಾಸ್ತರು ಶುಕ್ರವಾರದ ಕಥೆ ಹೇಳಿದರು. “ನನ್ನ ವಿದ್ಯೆ ಶುಕ್ರವಾರದ್ದಲ್ಲಪ್ಪ, ಕುರುವಿಂದು,” ಎಂದರು ಡಾಕ್ಟರು.

ಇನ್ನು ಉಳಿದ ದಾರಿ ಒಂದೇ. ಇತಿಹಾಸದ ಮೇಷ್ಟ್ರು ಗಂಡಸರು, ಹಿರಿಯರು, ಮಾತು ಹೊರಗೆ ಬಿಡದವರು. ಅವರಿಗೆ ಗುಟ್ಟಾಗಿ ನಿಜ ಹೇಳಿ, ‘ಈತನಿಗೆ ಯಾವ ಪಕ್ಷವೂ ಇಲ್ಲ’ ಎಂದು ಸಾಹೇಬರಿಗೆ ಒಂದು ಮಾತು ಹೇಳಿಸಿದರಾಯಿತು. ಈ ಉಪಾಯ ಹೆಂಡತಿಗೂ ಸರಿಕಂಡಿತು. ಗುಮಾಸ್ತರು ಗುರುವಾರ ಸಂಜೆ ಮೇಷ್ಟ್ರ ಮನೆಯ ಬಾಗಿಲು ತಟ್ಟಿದರು.

ಮೇಷ್ಟ್ರೇ ಬಂದು ಬಾಗಿಲು ತೆಗೆದರು. ಮನೆ ಅಚ್ಚುಕಟ್ಟಾಗಿತ್ತು, ಯಾರೂ ಏನನ್ನೂ ಮುಟ್ಟದಿದ್ದಾಗ ಇರುವಂಥ ಅಚ್ಚುಕಟ್ಟು. ಮೇಷ್ಟ್ರು ಒಳಗೆ ಹೋಗಿ ಟೀ ತಂದರು. ತಟ್ಟೆಯಲ್ಲಿ ಮೂರು ಬಟ್ಟಲಿದ್ದವು. ಅವರು ಮೂರನೆಯದನ್ನು ನೋಡಿ, ಅದನ್ನು ಪುಸ್ತಕಗಳ ಮರೆಗೆ ಸರಿಸಿದರು.

“ಸರ್, ಸೋಮವಾರದ ವಿಷಯ ಒಂದು ಮಾತು ಹೇಳೋಣ ಅಂತ,” ಎಂದು ಗುಮಾಸ್ತರು ಶುರು ಮಾಡಿದರು.

“ನಾನೇ ಹೇಳ್ಬೇಕಾಗಿತ್ತು,” ಎಂದರು ಮೇಷ್ಟ್ರು. “ಆವತ್ತು ಬಾಗಿಲವರೆಗೂ ಬಂದು ವಾಪಸ್ಸು ಹೋಗೋಣ ಅಂದುಕೊಂಡಿದ್ದೆ ಕಣ್ರೀ. ಮನೆಯಲ್ಲಿ ಎದ್ದು ಬರೋರು ಹೋದ್ರು, ಇಲ್ಲೂ ಯಾರೂ ಏಳಲಿಲ್ಲ. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರ ವಾದ ಅವರಿಗೆ. ಆದ್ರೆ ಆ ಗಳಿಗೆಯಲ್ಲಿ ನಾನು ಇದೀನೋ ಇಲ್ಲವೋ ಅಂತ ನನಗೇ ಅನುಮಾನ ಬಂತು. ಆಮೇಲೆ ಹಿಂದೆ ನೀವು ನಿಂತಿದ್ದು ಕಂಡಿತು.” ಒಂದು ಬಟ್ಟಲನ್ನು ಮುಂದೆ ಚಾಚಿ ಕೇಳಿದರು, “ನೀವೇನು ಹೇಳೋಕೆ ಬಂದ್ರಿ?”

“ಏನಿಲ್ಲ ಸರ್, ನೋಡ್ಕೊಂಡು ಹೋಗೋಣ ಅಂತ,” ಎಂದು ಗುಮಾಸ್ತರು ಬಟ್ಟಲು ತೆಗೆದುಕೊಂಡರು.

“ನಿಂತೇ ಇದೀರಲ್ಲ!” ಎಂದರು ಮೇಷ್ಟ್ರು. ಕಿಟಕಿಯ ಬಳಿ ಬೆತ್ತದ ಕುರ್ಚಿಯೊಂದಿತ್ತು. ಅದರ ತೋಳಿನ ಮೇಲೆ ಅರ್ಧ ಹೆಣೆದ ಉಣ್ಣೆಯ ಶಾಲು, ಸೂಜಿ ಸಮೇತ. ಮೇಷ್ಟ್ರು ಆ ಶಾಲನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು. “ಇದು ನಮ್ಮಾಕೆಯ ಕುರ್ಚಿ. ಅವಳು ಹೋದ ಮೇಲೆ ಇದರಲ್ಲಿ ಯಾರನ್ನೂ ಕೂರಿಸಿಲ್ಲ. ನೀವು ಕೂತ್ಕೊಳ್ಳಿ. ಕೂತರೆ ಅವಳಿಗೂ ಸಂತೋಷ.”

ಮಾವನವರಿಗೆ ಇಲ್ಲ ಎಂದವರು, ಸಾಹೇಬರಿಗೆ ಇಲ್ಲ ಎಂದವರು, ಗುಮಾಸ್ತರು ಇಲ್ಲಿ ಇಲ್ಲ ಎನ್ನಲಾರದೆ ಹೋದರು. ಬಲಮಗ್ಗುಲಲ್ಲಿ ಭಾರವಿಟ್ಟು, ಎರಡೂ ತೋಳು ಊರಿ, ಕುರ್ಚಿಯ ಅಂಚಿಗೆ ತಮ್ಮನ್ನು ತಾವು ಇಳಿಸಿಕೊಂಡರು. ಬೆತ್ತ ಹಳೆಯದು, ನಡುವೆ ಗುಳಿ ಬಿದ್ದಿತ್ತು. ಮೆಲ್ಲಗೆ ಮೆಲ್ಲಗೆ ಅದು ಅವರನ್ನು ನಡುವಿಗೆ ಎಳೆದುಕೊಂಡಿತು. ಅವರ ಹಣೆಯಲ್ಲಿ ನರ ಉಬ್ಬಿತು. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು.

ಮೇಷ್ಟ್ರು ಅದನ್ನು ನೋಡಿದರು. “ನೀವು ಅವಳನ್ನ ನೋಡೇ ಇಲ್ಲ,” ಎಂದರು, ಧ್ವನಿ ಒಡೆದು. “ಆದ್ರೂ ಇಷ್ಟು ದುಃಖ ಪಡ್ತೀರಲ್ಲಪ್ಪಾ!” ಅವರೂ ಅತ್ತರು. ಹೆಂಡತಿ ಹೋದಂದಿನಿಂದ ಅತ್ತಿರಲಿಲ್ಲವೆಂದು ಆಮೇಲೆ ಹೇಳಿದರು. ಇಬ್ಬರೂ ಬಹಳ ಹೊತ್ತು ಅಳುತ್ತ ಕೂತಿದ್ದರು, ತಮ್ಮ ತಮ್ಮ ಕಾರಣಗಳಿಂದ. ಯಾವ ಕಾರಣದ ನೀರಾದರೂ ಲೆಕ್ಕಕ್ಕೆ ತೆಗೆದುಕೊಳ್ಳುವವನು ಒಬ್ಬನಿದ್ದಾನೆ ಎಂದು ನಂಬುವವರು, ಆ ಸಂಜೆಯನ್ನು ವ್ಯರ್ಥವಾಯಿತು ಎನ್ನಲಾರರು.

ಮನೆಗೆ ಬಂದಾಗ ಹೆಂಡತಿ ಕೇಳಿದಳು, “ಹೇಳಿದ್ರಾ?”

“ಇಲ್ಲ.”

“ಮತ್ತೇನು ಮಾಡಿದ್ರಿ ಇಷ್ಟು ಹೊತ್ತು?”

“ಕೂತಿದ್ದೆ,” ಎಂದು ಹೇಳಿ ಗುಮಾಸ್ತರು ಬೋರಲು ಬಿದ್ದುಕೊಂಡರು.

ಶುಕ್ರವಾರ ಚರ್ಚಾಸಭೆಯ ಹಾಲು ಕಿಕ್ಕಿರಿದಿತ್ತು. ಕುರ್ಚಿಗಳೆಲ್ಲ ಮರದವು. ಮುಂದಿನ ಸಾಲಿನಲ್ಲಿ ಸಾಹೇಬರು. ಅವರ ಪಕ್ಕ ಇತಿಹಾಸದ ಮೇಷ್ಟ್ರು, ಇಂದು ಅಂಗಿಯ ಗುಂಡಿ ಸರಿಯಾಗಿತ್ತು. ನಡುವೆ ಎಲ್ಲೋ ಮಾವನವರು, ದರ್ಜಿಯನ್ನೂ ಕರೆದುಕೊಂಡು ಬಂದಿದ್ದರು. ಹೆಂಡತಿ ಗಂಡನ ಚೀಲದಲ್ಲಿ ಒಂದು ಸಣ್ಣ ದಿಂಬು ತುರುಕಿ, ತಾನು ಹಿಂದಿನ ಸಾಲಿನಲ್ಲಿ ಜಪ ಮಾಡುವವಳಂತೆ ಕೂತಳು. ಗುಮಾಸ್ತರು ಸಾಹೇಬರ ಕಣ್ಣಿಗೆ ನೇರವಾಗಿ ಬೀಳುವ ಜಾಗ ಹುಡುಕಿ, ಯಾರೂ ನೋಡದಂತೆ ದಿಂಬು ಇಟ್ಟು, ಒಂದು ಮಗ್ಗುಲಲ್ಲಿ ಕೂತರು. ಸಾಹೇಬರು ತಿರುಗಿ ನೋಡಿದರು. ತಲೆಯಾಡಿಸಿದರು.

ಇಡೀ ಹಾಲು ಕೂಡ ನೋಡಿತು. “ಕೂತಿದಾನೆ!” ಎಂಬ ಪಿಸುಮಾತು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು.

ಆ ಸಭೆಯ ಕ್ರಮ ಹೀಗೆ. ಎರಡೂ ಕಡೆಯವರು ಮಾತಾಡಿದ ಮೇಲೆ ಅಧ್ಯಕ್ಷರು ಕೇಳುತ್ತಾರೆ. ಪದ್ಧತಿ ಇರಲಿ ಎನ್ನುವವರು ಎದ್ದು ನಿಲ್ಲಬೇಕು, ಬೇಡ ಎನ್ನುವವರು ಕೂತಿರಬೇಕು. ಮೈಕು ಮೊದಲು ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು. “ಮರ್ಯಾದೆ ಮನಸ್ಸಿನಲ್ಲಿರಬೇಕು, ಮೊಣಕಾಲಲ್ಲಲ್ಲ! ಗಂಟೆ ಹೊಡೆದ ಕೂಡಲೇ ಏಳೋದು ಗೌರವವಾ, ಅಭ್ಯಾಸವಾ? ಬಲವಂತವಾಗಿ ನಿಲ್ಲಿಸಿದವನು ಯಾರಿಗೆ ಗೌರವ ಕೊಟ್ಟ ಹಾಗಾಯ್ತು?” ಇತಿಹಾಸದ ಮೇಷ್ಟ್ರೂ ಮೆಲ್ಲಗೆ ಚಪ್ಪಾಳೆ ತಟ್ಟಿದ್ದನ್ನು ಕಂಡವರಿದ್ದಾರೆ.

ಆಮೇಲೆ ತಾತ ಎದ್ದ. ಕೆಮ್ಮಿದ. “ಹಿರಿಯರು...” ಎಂದ. ಅವನ ಕಣ್ಣು ಸಭೆಯಲ್ಲಿ ಹುಡುಕಾಡಿ ಗುಮಾಸ್ತರನ್ನು ಕಂಡಿತು. “ಅಣ್ಣಾ,” ಎಂದ, ಭಾಷಣ ಮರೆತು, ಅಳುವ ಧ್ವನಿಯಲ್ಲಿ, “ಅಣ್ಣಾ, ನೀವು ಕೂತುಬಿಟ್ರಾ? ನಿಮ್ಮನ್ನ ನಂಬಿ ನಾನು ನಮ್ಮಪ್ಪನ ಹತ್ರ ಜಗಳ ಆಡಿಕೊಂಡು ಬಂದಿದೀನಲ್ಲ!”

ಪ್ರಗತಿ ಕೂಟದವರು ಸಿಳ್ಳೆ ಹಾಕಿದರು. ಪರಂಪರೆ ಸಂಘದ ಎರಡೂ ಬೆಂಚುಗಳು ತಲೆ ತಗ್ಗಿಸಿದವು. ಸಾಹೇಬರು ಹಿಂತಿರುಗಿ ಬೆರಳೆತ್ತಿ, ಹಾಗೇ ಇರು ಎಂದು ಸನ್ನೆ ಮಾಡಿದರು. ಗುಮಾಸ್ತರು ಎರಡೂ ಕೈಯಲ್ಲಿ ಕುರ್ಚಿಯನ್ನು ಹಿಡಿದುಕೊಂಡು, ಪಂಪ್‌ಹೌಸನ್ನು ಕಣ್ಣಮುಂದೆ ತಂದುಕೊಂಡು, ಕೂತೇ ಇದ್ದರು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

ಇದನ್ನು ಸಹಿಸದ ಜೀವವೊಂದು ಸಭೆಯಲ್ಲಿತ್ತು. ಮಾವನವರು ಸಾಲು ದಾಟಿ, ಜನರ ಕಾಲು ತುಳಿದು, ಅಳಿಯನ ಹಿಂದೆ ಬಂದು ನಿಂತರು.

“ಏಳ್ರೀ ಮೇಲೆ!” ಎಂದರು ಹಲ್ಲು ಕಚ್ಚಿ. “ಬೀದಿಯವರಿಗೆಲ್ಲ ಪತ್ರಿಕೆ ಓದಿ ಹೇಳಿದೀನಿ! ಮರ್ಯಾದೆ ಉಳಿಸ್ರೀ!”

“ಆಗಲ್ಲ ಮಾವ.”

“ಯಾಕಾಗಲ್ಲ?” ಆಗ ಅವರ ಕಣ್ಣಿಗೆ ದಿಂಬಿನ ಅಂಚು ಬಿತ್ತು. ಅವರ ತಾಳ್ಮೆಯ ಕೊಂಡಿ ಕಳಚಿತು. “ಕೂತಿದ್ದು ಸಾಲದು ಅಂತ ಮೆತ್ತೆ ಬೇರೆ! ಸುಖಪುರುಷ!” ಎಂದವರೇ, ಗಾರ್ಡಿನ ಡಬ್ಬಿಯಲ್ಲಿ ಬ್ರೇಕು ಎಳೆದ ಕೈಯಿಂದಲೇ ದಿಂಬಿನ ಕಿವಿ ಹಿಡಿದು ಎಳೆದುಬಿಟ್ಟರು.

ವೇದಿಕೆಯ ಮೇಲೆ ಅಧ್ಯಕ್ಷರು ಗಡಿಬಿಡಿಯಲ್ಲಿ ಸಭೆ ಮುಗಿಸಲು ನೋಡುತ್ತಿದ್ದರು. “ಪದ್ಧತಿ ಇರಲಿ ಎನ್ನುವವರು ದಯವಿಟ್ಟು ಎದ್ದು...” ಎನ್ನುವಷ್ಟರಲ್ಲಿ ಗುಮಾಸ್ತರ ಪೂರ್ತಿ ಭಾರ ಮರದ ಮೇಲೆ ಬಿತ್ತು.

“ಅಯ್ಯೋ ದೇವರೇ!”

ಆ ಕೂಗಿನ ಮುಂದೆ ಮೈಕು ಏನೂ ಅಲ್ಲ. ಗುಮಾಸ್ತರು ನೆಲದಿಂದ ಒಂದು ಮೊಳ ಮೇಲೆ ಹಾರಿ, ಇಳಿದು, ಕೋಲಿನಂತೆ ನೆಟ್ಟಗೆ ನಿಂತರು.

“ಎದ್ರು! ಅಣ್ಣ ಎದ್ರು!” ಎಂದು ತಾತ ಕಿರುಚಿದ. ಪರಂಪರೆ ಸಂಘ ದಡಕ್ಕನೆ ಎದ್ದಿತು. ಆ ಕೂಗಿಗೆ ಬೆಚ್ಚಿ ಪ್ರಗತಿ ಕೂಟದಲ್ಲೂ ಕೆಲವರು ಎದ್ದುಬಿಟ್ಟರು. ದರ್ಜಿ ಎದ್ದ. ಮಾವನವರು ದಿಂಬನ್ನು ಬಾವುಟದಂತೆ ಬೀಸಿದರು.

ಸಾಹೇಬರೂ ಎದ್ದರು, ಆದರೆ ಬೇರೆ ಕಾರಣಕ್ಕೆ. “ಆಯ್ತು! ಶನಿವಾರದಿಂದ...”

“ಕುರು ಸರ್!” ಎಂದು ಗುಮಾಸ್ತರು ಕೂಗಿದರು. ಅಳು, ನೋವು, ಪಂಪ್‌ಹೌಸು ಎಲ್ಲ ಸೇರಿ ಅವರ ನಾಚಿಕೆಯ ಕಟ್ಟೆ ಒಡೆದುಹೋಗಿತ್ತು. “ನನಗೆ ಪಕ್ಷ ಇಲ್ಲ, ಸಂಘ ಇಲ್ಲ, ಕುರು ಇದೆ! ಕೂರೋಕಾಗಲ್ಲ, ಅದಕ್ಕೇ ನಿಂತೆ! ಸೋಮವಾರವೂ ಅದಕ್ಕೇ ನಿಂತೆ! ಹಿರಿಯರು ಅಂತ ಹೇಳಿದ್ದೆಲ್ಲ ಸುಳ್ಳು!”



“ಕುರು ಎಲ್ಲಿ?” ಎಂದರು ಸಾಹೇಬರು, ವಿಚಾರಣೆಯ ಧ್ವನಿಯಲ್ಲಿ.

ಹಿಂದಿನ ಸಾಲಿನಿಂದ ಹೆಂಡತಿ ಎದ್ದು ನಿಂತಳು. ಕೆನ್ನೆ ಕೆಂಪಾಗಿತ್ತು, ಧ್ವನಿ ಗಟ್ಟಿಯಾಗಿತ್ತು. “ಎಲ್ಲಿ ಅಂತ ಕೇಳ್ಬೇಡಿ ಸ್ವಾಮಿ. ಇದೆ. ದಿನಾ ಶಾಖ ಕೊಡ್ತಿರೋಳು ನಾನು. ಇನ್ನು ಇರಲಿಕ್ಕಿಲ್ಲ ಅನ್ಸುತ್ತೆ, ನಮ್ಮಪ್ಪನ ದಯದಿಂದ.”

ಆಗ ಎದ್ದ ನಗು ಕಿಟಕಿಯ ಗಾಜುಗಳನ್ನು ನಡುಗಿಸಿತು. ಮೈಕು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಳು. ಸಾಹೇಬರು ಸ್ವಲ್ಪ ಹೊತ್ತು ಆಲೋಚಿಸಿ, “ಕುರು ರಾಜಕೀಯದ ಅಡಿಯಲ್ಲಿ ಬರೋದಿಲ್ಲ,” ಎಂದು ತೀರ್ಪು ಕೊಟ್ಟರು. ರಜೆ ಉಳಿಯಿತು. ಮತ ಎಣಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮಾವನವರು ದಿಂಬನ್ನು ಎದೆಗವಚಿಕೊಂಡು, ಯಾವ ನಿಲ್ದಾಣದಲ್ಲಿ ಇಳಿಯಬೇಕೆಂದು ತಿಳಿಯದವರಂತೆ ನಿಂತಿದ್ದರು.

ಗುಮಾಸ್ತರು ಮಾತ್ರ ನಗಲಿಲ್ಲ. ಮುಂದಿನ ಸಾಲಿನಲ್ಲಿ ಸಾಹೇಬರ ಪಕ್ಕದ ಕುರ್ಚಿ ಖಾಲಿಯಾಗಿತ್ತು. ನಗುವ ಜನರ ನಡುವೆ ದಾರಿ ಮಾಡಿಕೊಂಡು ಇತಿಹಾಸದ ಮೇಷ್ಟ್ರು ಬಾಗಿಲ ಕಡೆ ನಡೆಯುತ್ತಿದ್ದರು. ಹಿಂತಿರುಗಿ ನೋಡಲಿಲ್ಲ.

ಡಾಕ್ಟರಿಗೆ ಕೊಯ್ಯಲು ಏನೂ ಉಳಿದಿರಲಿಲ್ಲ. ಒರೆಸಿ ಪಟ್ಟಿ ಹಾಕಿ, “ಮಾವನವರ ಕೈಗುಣ ಚೆನ್ನಾಗಿದೆ,” ಎಂದರು. ಗಾಯ ಬೇಗ ಮಾಯಿತು. ಆದರೆ ಗುಮಾಸ್ತರು ಊಟ ಸೇರದೆ ಓಡಾಡುತ್ತಿದ್ದರು. “ರಜೆ ಉಳೀತು, ನೋವು ಹೋಯ್ತು, ಇನ್ನೇನ್ರೀ?” ಎಂದಳು ಹೆಂಡತಿ. ಮಾವನವರು ಅಳಿಯನನ್ನು ಈಗ ಯಾವ ನೋಟದಿಂದಲೂ ನೋಡುತ್ತಿರಲಿಲ್ಲ; ಕುರ್ಚಿಯ ಮೇಲೆ ದಿಂಬು ಇಟ್ಟು, ಅದನ್ನು ಅವರ ಕಡೆಗೆ ಸುಮ್ಮನೆ ತಳ್ಳುತ್ತಿದ್ದರು.

ಮುಂದಿನ ಸೋಮವಾರ ತರಗತಿ ತುಂಬಿತ್ತು. ಏಳುವುದೂ ಕೂರುವುದೂ ಅವರವರ ಇಷ್ಟ ಎಂದು ಈ ನಡುವೆ ತೀರ್ಮಾನವಾಗಿತ್ತು. ಹಾಗಾದಾಗ ಎಲ್ಲರೂ ಮಾಡುವುದನ್ನೇ ಎಲ್ಲರೂ ಮಾಡುತ್ತಾರೆ. ಎಲ್ಲರೂ ಕೂತಿದ್ದರು. ಗುಮಾಸ್ತರೂ ಕೊನೆಯ ಬೆಂಚಿನ ಮೇಲೆ ಬಹಳ ದಿನದ ಮೇಲೆ ಹಾಯಾಗಿ, ಎರಡೂ ಮಗ್ಗುಲು ಊರಿ ಕೂತಿದ್ದರು. ಹುಡುಗರು ತಿರುಗಿ ತಿರುಗಿ ನೋಡಿ ಮುಸಿಮುಸಿ ನಕ್ಕರು.

ಗಂಟೆ ಹೊಡೆಯಿತು. ಮೇಷ್ಟ್ರು ಬಾಗಿಲಲ್ಲಿ ಬಂದರು. ಗುಂಡಿ ಮತ್ತೆ ಮನೆ ತಪ್ಪಿತ್ತು. ಯಾರನ್ನೂ ನೋಡದೆ, ತಲೆ ತಗ್ಗಿಸಿಕೊಂಡು ಮೇಜಿನ ಕಡೆ ನಡೆದರು.

ಹಿಂದೆ ಬೆಂಚು ಕಿರ್ರೆಂದಿತು.

ಮೇಷ್ಟ್ರು ತಲೆಯೆತ್ತಿದರು. ಗುಮಾಸ್ತರು ಎದ್ದು ನಿಂತಿದ್ದರು. ಮುಂದಿನ ಬೆಂಚಿನಲ್ಲಿ ತಾತ ಅರ್ಧ ಎದ್ದು, ಹಿಂದಿನಂತೆಯೇ ಗಾಳಿಯಲ್ಲಿ ತೂಗಾಡುತ್ತಿದ್ದ. ಮೈಕು ತಿರುಗಿ ಗುಮಾಸ್ತರನ್ನು ದಿಟ್ಟಿಸಿದಳು.

“ಏನ್ರೀ,” ಎಂದರು ಮೇಷ್ಟ್ರು, “ಇನ್ನೂ ವಾಸಿಯಾಗಿಲ್ವಾ?”

ತರಗತಿ ಕಿಸಕ್ಕೆಂದಿತು.

“ಪೂರ್ತಿ ವಾಸಿಯಾಗಿದೆ ಸರ್,” ಎಂದರು ಗುಮಾಸ್ತರು. ಸಾಹೇಬರ ಕಿವಿಗೆ ಬಿದ್ದರೆ ಈ ಸಲ ಹೇಳಿಕೊಳ್ಳಲು ಕುರುವೂ ಇರಲಿಲ್ಲ. ಆದರೂ ಅವರು ನಿಂತೇ ಇದ್ದರು.

ನಗು ನಿಂತುಹೋಯಿತು. ಪುಸ್ತಕವನ್ನು ಮೇಜಿನ ಮೇಲಿಟ್ಟರೆ ಆತ ಕೂರುತ್ತಾನೆಂದು ಮೇಷ್ಟ್ರಿಗೆ ಗೊತ್ತಿತ್ತು. ಅವರು ಅದನ್ನು ಎದೆಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಮೆಲ್ಲಗೆ ಇಟ್ಟರು.